ವಕಾರ

ನಾಲ್ಕನೇ ಪ್ಲಾಟ್‌ಫಾರ್ಮಿಗೆ ಬರಬೇಕಾದ ಬಸ್ಸು ಎರಡನೆಯದಕ್ಕೆ ಬರುತ್ತಿದೆ ಎಂದು ಅವಳು ಮೈಕಿನಲ್ಲಿ ಹೇಳಿಬಿಟ್ಟಳು. ಹೇಳಿದ ಮೇಲೆ ಕಿಟಕಿಯಾಚೆ ನೋಡಿದರೆ ಗಂಟುಮೂಟೆ ಹೊತ್ತ ಜನವೆಲ್ಲ ದಡಬಡ ಎರಡರ ಕಡೆಗೆ ಓಡುತ್ತಿದ್ದರು. ಬಸ್ಸು ಮಾತ್ರ ತನ್ನ ಪಾಡಿಗೆ ನಾಲ್ಕಕ್ಕೇ ಬಂದು ನಿಂತಿತು. ಪ್ರಯಾಣಿಕರು ದಯವಿಟ್ಟು ಗಮನಿಸಬೇಕು, ಎಂದು ಅವಳು ಸರಿಪಡಿಸುವಷ್ಟರಲ್ಲಿ ಅದೇ ಜನ ಅದೇ ಗಂಟುಮೂಟೆಯೊಂದಿಗೆ ವಾಪಸು ಓಡಿದರು. ಒಬ್ಬಾಕೆ ನಿಂತು, ಕಿಟಕಿಯ ಕಡೆ ತಿರುಗಿ, ಕೈಯೆತ್ತಿ ಏನೋ ಬೈದಳು. ಬೇರೆ ದಿನವಾಗಿದ್ದರೆ ಅವಳಿಗೆ ಮೂರು ದಿನ ಅನ್ನ ಸೇರುತ್ತಿರಲಿಲ್ಲ. ಇವತ್ತು ನಗು ಬಂತು. ಬೆಳಿಗ್ಗೆ ಎದ್ದಾಗಿನಿಂದ ಅವಳ ಕಾಲು ನೆಲದ ಮೇಲೆ ಇರಲಿಲ್ಲ. ಎದೆಯೊಳಗೆ ಯಾರೋ ಹಾಲು ಕಾಯಿಸಲು ಇಟ್ಟು ಮರೆತುಹೋದ ಹಾಗೆ, ಇನ್ನೇನು ಉಕ್ಕಿತು, ಇನ್ನೇನು ಉಕ್ಕಿತು ಎನ್ನುವ ಹಾಗೆ. ಪಕ್ಕದ ಮೇಜಿನ ಕಂಟ್ರೋಲರು ಕನ್ನಡಕವನ್ನು ಹಣೆಗೇರಿಸಿ, "ಏನ್ ಮೈಕಮ್ಮ, ನಿಮ್ಮ ಹಬ್ಬ ನಾಳೆ ಅಲ್ವಾ? ಇವತ್ತೇ ಜನಾನ ಕುಣಿಸ್ತಿದ್ದೀರಲ್ಲ!" ಅಂದರು. "ಸಂಜೆ ನಮ್ಮೆಜಮಾನ್ರು ಚರ್ಚಲ್ಲಿ ಬೈಬಲ್ ಪಾಠ ಓದ್ತಾರೆ ಸಾರ್," ಎಂದು ಅವಳು ಹೇಳಿದಳು. ಬೆಳಗಿನಿಂದ ಇದು ಎಷ್ಟನೆಯ ಸಲವೋ. "ಅವರಾ?" ಎಂದ ಕಂಟ್ರೋಲರು ಕೂಡಲೇ ತಮ್ಮ ಆಶ್ಚರ್ಯವನ್ನು ನುಂಗಿಕೊಂಡು, "ಒಳ್ಳೇದು, ಒಳ್ಳೇದು," ಎಂದು ಕಾಗದಗಳ ಕಡೆ ತಿರುಗಿದರು. ಆ "ಅವರಾ?" ಅವಳ ಬೆನ್ನಿಗೆ ಚಿಕ್ಕ ಕಲ್ಲಿನ ಹಾಗೆ ಬಿತ್ತು.

ಅವಳ ಗಂಡ ಉಗ್ಗುತ್ತಿದ್ದ. ಹುಟ್ಟಿದಾಗಿನಿಂದಲೇ ಎಂದು ಅತ್ತೆ ಹೇಳುತ್ತಿದ್ದರು, ಹುಟ್ಟಿದ ಮಗು ಉಗ್ಗುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಪೇಟೆಬೀದಿಯ ತುದಿಯಲ್ಲಿ ಅವನದು ಗಾಜಿನ ಅಂಗಡಿ. ಕಿಟಕಿಗೆ ಗಾಜು ಕತ್ತರಿಸುವುದು, ಕನ್ನಡಿಗೆ ಚೌಕಟ್ಟು ಹಾಕುವುದು. ಹೆಚ್ಚು ಮಾತು ಬೇಡದ ಕೆಲಸ. ಬೇಕಾದಾಗಲೂ ಅವನು ತನಗೆ ಒಗ್ಗದ ಅಕ್ಷರಗಳನ್ನು ಸುತ್ತುಬಳಸಿ ದಾಟಿಹೋಗುವುದನ್ನು ಕಲಿತಿದ್ದ, ಬೀದಿಯಲ್ಲಿ ನಾಯಿ ಮಲಗಿದ್ದರೆ ಆಚೆ ಬದಿಯಿಂದ ಹೋಗುವ ಹಾಗೆ. ಎಲ್ಲಕ್ಕಿಂತ ಕೆಟ್ಟದ್ದು ವಕಾರ. ವಾರ ಎನ್ನಬೇಕಾದಾಗ ಏಳು ದಿನ ಎನ್ನುತ್ತಿದ್ದ, ವಿಳಾಸ ಕೇಳಬೇಕಾದರೆ ಮನೆ ಎಲ್ಲಿ ಎನ್ನುತ್ತಿದ್ದ. ಇಷ್ಟಾದರೂ ಸಿಕ್ಕಿಕೊಂಡರೆ, ಅವಳಿದ್ದಳಲ್ಲ. ಅವನ ತುಟಿ ಒಂದು ಅಕ್ಷರದ ಮೇಲೆ ನಡುಗುತ್ತ ನಿಂತ ಕೂಡಲೇ ಉಳಿದದ್ದನ್ನು ಅವಳು ಹೇಳಿ ಮುಗಿಸುತ್ತಿದ್ದಳು. ಮದುವೆಯಾದಾಗಿನಿಂದಲೂ ಹಾಗೇ. ದೇವರು ಜೋಡಿ ಹೇಗೆ ಕೂಡಿಸಿದ್ದಾನೆ ನೋಡಿ, ಒಬ್ಬರಿಗೆ ಇಲ್ಲದ್ದನ್ನು ಇನ್ನೊಬ್ಬರಿಗೆ ಎರಡು ಪಾಲು ಕೊಟ್ಟಿದ್ದಾನೆ ಎಂದು ನೆಂಟರು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಮದುವೆಯ ದಿನ ಪಾದ್ರಿ ಅವನನ್ನು ಕೇಳಬೇಕಾದ್ದನ್ನು ಕೇಳಿದಾಗ ಅವನು ಹೌದು ಎನ್ನಲಾಗದೆ ಹಕಾರದ ಮೇಲೆ ನಿಂತುಬಿಟ್ಟಿದ್ದ. ಚರ್ಚು ತುಂಬ ಜನ. ಅವನ ಕತ್ತಿನ ನರ ಉಬ್ಬಿತ್ತು. ತಡೆಯಲಾರದೆ ಅವಳು ಮುಸುಕಿನ ಒಳಗಿನಿಂದಲೇ "ಹೌದು ಅಂತಾರೆ" ಅಂದಿದ್ದಳು. ಜನ ಘೊಳ್ಳನೆ ನಕ್ಕಿದ್ದರು, ಪಾದ್ರಿಯೂ ನಕ್ಕು ಮುಂದಕ್ಕೆ ಹೋಗಿದ್ದರು. ಈ ಕಥೆಯನ್ನು ಅವಳೇ ಎಷ್ಟು ಊಟದ ಮೇಜುಗಳಲ್ಲಿ ಹೇಳಿ ನಗಿಸಿರಲಿಲ್ಲ! ಅವನು ಪಕ್ಕದಲ್ಲಿ ಕೂತು, ತಟ್ಟೆ ನೋಡುತ್ತ, ಮುಗುಳ್ನಗುತ್ತಿದ್ದ.

ಅವಳ ಮೇಜಿನ ಎದುರಿಗೆ ಗೋಡೆಯ ಮೇಲೆ ಎರಡು ಹಲಗೆಗಳಿದ್ದವು. ಒಂದರ ಮೇಲೆ ಆಗಮನ, ಇನ್ನೊಂದರ ಮೇಲೆ ನಿರ್ಗಮನ. ದಿನವೂ ಕಾಣುವ ಹಲಗೆಗಳು ಈ ತಿಂಗಳು ಬೇರೆಯಾಗಿ ಕಾಣತೊಡಗಿದ್ದವು. ಹೊಸದಾಗಿ ಬಂದ ಪಾದ್ರಿ, ಇನ್ನೂ ಮೀಸೆ ಬಲಿಯದ ಹುಡುಗನಂಥವರು, ಆಗಮನ ಕಾಲದ ಮೊದಲ ಭಾನುವಾರ ಪೀಠದಿಂದ ಹೇಳಿದ್ದರು: ಹಬ್ಬಕ್ಕೆ ಮುಂಚಿನ ಈ ದಿನಗಳು ಅಂಗಡಿ ಸುತ್ತೋದಕ್ಕಲ್ಲ, ಕಾಯೋದಕ್ಕೆ, ಬರೋನು ಬರ್ತಾನೆ, ನಾವು ಅವನ ತೋಳು ಹಿಡಿದು ಎಳೀಬಾರದು. ಅವಳಿಗೆ ಆಗ ಬಸ್ಸುಗಳು ನೆನಪಾಗಿ ನಗು ಬಂದಿತ್ತು. ಅದೇ ದಿನ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಪಾದ್ರಿ ಅವಳ ಗಂಡನ ಕೈ ಹಿಡಿದುಕೊಂಡು, ಕ್ರಿಸ್ಮಸ್ಸಿನ ಹಿಂದಿನ ಸಂಜೆಯ ಪಾಠ ನೀವು ಓದ್ತೀರಾ ಎಂದು ಕೇಳಿಯೇಬಿಟ್ಟರು. ಹೊಸಬರು, ಪಾಪ, ಗೊತ್ತಿಲ್ಲ ಎಂದು ಅವಳ ಜೀವ ಬಾಯಿಗೆ ಬಂತು. ಗಂಡ ಬಾಯಿ ತೆರೆದ. "ಆ... ಆಗ..." ಅವಳು ಮುಂದೆ ಹಾರಿದಳು. "ಆಗಲ್ಲ ಅಂತಾರೆ ಫಾದರ್, ತಪ್ಪು ತಿಳ್ಕೋಬೇಡಿ." ಅಲ್ಲ ಎಂಬಂತೆ ಗಂಡ ತಲೆ ಅಲ್ಲಾಡಿಸಿದ. ಅವಳ ಕಡೆ ನೋಡಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿದ. ಹಿಂದೆ ಜನ ಸಾಲುಗಟ್ಟಿದ್ದರು, ಪಾದ್ರಿ ಕೈ ಬಿಡದೆ ನಿಂತಿದ್ದರು. "ಆ... ಆಗ... ಆಗಲಿ," ಅಂದ ಅವನು.

ಆಗಲಿ! ಅವಳು ಚಿಕ್ಕವಳಿದ್ದಾಗ ಕ್ರಿಸ್ಮಸ್ ನಾಟಕದಲ್ಲಿ ದೇವದೂತನ ಪಾತ್ರ ಯಾವಾಗಲೂ ಅವಳದೇ, ಉದ್ದುದ್ದ ಮಾತು, ಗಂಟಲು ದೊಡ್ಡದು. ನಿನ್ನಲ್ಲಿ ದೇವರ ಮಗ ಹುಟ್ಟುತ್ತಾನೆ ಎಂದು ದೂತ ಹೇಳಿದ್ದಕ್ಕೆ ಕನ್ಯೆಯ ಪಾತ್ರ ಮಾಡುತ್ತಿದ್ದ ಹುಡುಗಿ ಹೇಳಬೇಕಾಗಿದ್ದದ್ದು ಆ ಒಂದೇ ಮಾತು, ಆಗಲಿ. ಅದಕ್ಕೆ ಒಂದು ತಿಂಗಳು ತಾಲೀಮು ಯಾಕೆ ಬೇಕು ಎಂದು ಅವಳು ಆಡಿಕೊಂಡಿದ್ದಳು. ಅವತ್ತು ಚರ್ಚಿನ ಮೆಟ್ಟಿಲಿಳಿಯುವಾಗ ಅವಳ ಕಿವಿ ಬಿಸಿಯಾಗಿತ್ತು. ನಾಚಿಕೆಯೋ ಸಂತೋಷವೋ ಗೊತ್ತಾಗಲಿಲ್ಲ. ಆಗಲ್ಲ, ಆಗಲಿ. ಎಷ್ಟು ಹತ್ತಿರದ ಮಾತುಗಳು. ಹಾಗಾದರೆ ಇಷ್ಟು ವರ್ಷ ಅವನ ಬಾಯಿಂದ ತಾನು ಕಿತ್ತುಕೊಂಡು ಹೇಳಿದವು? ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಮಗಳು ಮದುವೆಯಾಗಿ ಹೊರಟು ನಿಂತಾಗ ಅವನು ಅವಳ ತಲೆ ಸವರುತ್ತ "ಹೋ... ಹೋ..." ಎಂದು ನಿಂತಾಗ, "ಹೋಗ್ಬಾ ಅಂತಿದಾರೆ ಕಣೇ ಅಪ್ಪ" ಎಂದು ತಾನು ಹೇಳಿದ್ದು? ಅದು ಹೋಗ್ಬೇಡ ಆಗಿದ್ದರೆ? ಇದನ್ನು ಯೋಚಿಸಿದಾಗಲೆಲ್ಲ ಅಳುಕಾಗುತ್ತಿತ್ತು. ಆದರೆ ಆ ಅಳುಕಿನ ಮೇಲೆಯೇ ಉತ್ಸಾಹ ಬುರುಬುರು ಏಳುತ್ತಿತ್ತು. ಇವರು ಓದುತ್ತಾರೆ! ಎಲ್ಲರೆದುರಿಗೆ!

ಮಧ್ಯಾಹ್ನ ಡ್ಯೂಟಿ ಮುಗಿಯುವ ಹೊತ್ತಿಗೆ ಹೆಡ್‌ಮಾಸ್ಟರು ಬಂದರು. ನಿವೃತ್ತರಾಗಿ ಬಹಳ ಕಾಲವಾದರೂ ಅವರನ್ನು ಯಾರೂ ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ಆ ಸಂಜೆಯ ಪಾಠ ಪ್ರತಿವರ್ಷ ಅವರದೇ. ಓದಲು ಶುರುಮಾಡಿದರೆ ಕಿಟಕಿಯ ಗಾಜು ಅದುರಬೇಕು, ಅಂಥ ಗಂಟಲು. ಈ ವರ್ಷ ಪಾದ್ರಿ ಅವರನ್ನು ಬಿಟ್ಟದ್ದು ಅವರಿಗೆ ನೋವಾಗಿತ್ತು, ಅದನ್ನು ಕೋಟಿನ ಗುಂಡಿ ಹಾಕಿ ಮುಚ್ಚಿಕೊಂಡಿದ್ದರು. "ತಂಗೀ," ಎಂದು ದನಿ ತಗ್ಗಿಸಿ ಒಂದು ಮಡಿಸಿದ ಹಾಳೆ ಕೊಟ್ಟರು, "ಇದು ಇವತ್ತಿನ ಪಾಠ. ನಿಂಗೆ ಅಂತ ದೊಡ್ಡಕ್ಷರದಲ್ಲಿ ಮಾಡಿಸ್ಕೊಂಡು ಬಂದೆ. ನೀನು ಮುಂದಿನ ಬೆಂಚಲ್ಲಿ ಕೂತ್ಕೋ. ಅವನು ನಿಂತುಹೋದ ಅಂದ್ರೆ, ಸ್ವಲ್ಪ ನೋಡಿ, ಎದ್ದು ಅಲ್ಲಿಂದ ನೀನು ಹಿಡ್ಕೊಂಡುಬಿಡು. ಯಾರೂ ಏನೂ ಅಂದ್ಕೊಳಲ್ಲ. ಗಂಡ ಹೆಂಡತಿ ಸೇರಿ ಓದಿದ್ರು ಅಂತ ಚೆಂದಾನೇ ಕಾಣ್ಸತ್ತೆ." ಅವಳು ಹಾಳೆ ಬಿಚ್ಚಿದಳು. ಲೋಕ ಹುಟ್ಟುವ ಮೊದಲೇ ಮಾತು ಇತ್ತು, ಆ ಮಾತೇ ಮನುಷ್ಯನಾಗಿ ಬಂದು ನಮ್ಮ ನಡುವೆ ಬಿಡಾರ ಹೂಡಿತು ಎನ್ನುವ ಭಾಗ. ಆದರೆ ಅಲ್ಲಿ ಮಾತು ಎಂದಿರಲಿಲ್ಲ, ವಾಕ್ಯ ಎಂದಿತ್ತು. ಸಾಲು ಸಾಲಿಗೂ ವಾಕ್ಯ. ದೇವರೇ, ವಕಾರ! ಪಾಠದಲ್ಲಿ ವಾರವನ್ನು ಏಳು ದಿನ ಮಾಡುವ ಹಾಗೆ ಮಾಡಲಾಗುವುದಿಲ್ಲ, ಅದು ಇದ್ದ ಹಾಗೇ ಇರಬೇಕು. ಇದು ತನಗೆ ಮೊದಲೇ ಯಾಕೆ ಹೊಳೆಯಲಿಲ್ಲ? "ಅವನ ಮರ್ಯಾದೆ ಪ್ರಶ್ನೆ, ತಂಗಿ. ಹಬ್ಬದ ದಿನ," ಎಂದರು ಹೆಡ್‌ಮಾಸ್ಟರು. ಅವರ ಕಣ್ಣಲ್ಲಿ ಕೆಡುಕು ಇರಲಿಲ್ಲ. ಇದ್ದಿದ್ದರೆ ಹಾಳೆಯನ್ನು ವಾಪಸು ಕೊಡುವುದು ಸುಲಭವಾಗುತ್ತಿತ್ತು. "ಸರಿ ಸಾರ್," ಅಂದಳು. ಅಂದ ಕೂಡಲೇ ಎದೆ ಹಗುರಾಯಿತು. ಹಗುರಾದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಮನೆಗೆ ಹೋಗುವ ದಾರಿ ಅಂಗಡಿಯ ಮುಂದಿನಿಂದಲ್ಲ. ಆದರೂ ಅವಳು ಆ ಕಡೆಯಿಂದಲೇ ಹೋದಳು. ಎದುರು ಬದಿಯಲ್ಲಿ ನಿಂತ ಲಾರಿಯೊಂದರ ಮರೆಗೆ ನಿಂತು ನೋಡಿದಳು. ಗಿರಾಕಿಗಳಿರಲಿಲ್ಲ. ಅವನು ಮೇಜಿನ ಮೇಲೆ ದೊಡ್ಡ ಗಾಜೊಂದನ್ನು ಮಲಗಿಸಿ, ಅದು ಅದುರದ ಹಾಗೆ ಎಡ ಅಂಗೈಯನ್ನು ಅದರ ಮೇಲೆ ಚಪ್ಪಟೆಯಾಗಿ ಇಟ್ಟು, ಬಲಗೈಯಿಂದ ಗೆರೆ ಎಳೆದ. ಗೆರೆ ಎಳೆದ ಮೇಲೆ ತಲೆಯೆತ್ತಿ, ಗೋಡೆಗೆ ಒರಗಿಸಿದ್ದ ಕನ್ನಡಿಗಳ ಕಡೆ ತಿರುಗಿ ಬಾಯಿ ತೆರೆದ. ಓದುತ್ತಿದ್ದಾನೆ! ಒಬ್ಬ ಅವನಲ್ಲ, ಐದಾರು ಕನ್ನಡಿಗಳಲ್ಲಿ ಐದಾರು ಜನ ಅವನೇ ಬಾಯಿ ತೆರೆದು ನಿಂತಿದ್ದರು, ಎಲ್ಲರೂ ಒಂದೇ ಅಕ್ಷರದ ಮೇಲೆ. ತುಟಿಯನ್ನು ಹಲ್ಲು ಕಚ್ಚಿತ್ತು. ಅದು ಬಿಡುತ್ತಿರಲಿಲ್ಲ. "ವಾಕ್ಯ!" ಎಂದು ಅವಳು ಬೀದಿಯಲ್ಲಿ ನಿಂತು ಜೋರಾಗಿ ಹೇಳಿಬಿಟ್ಟಳು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ, "ನಂಗೆ ಹೇಳಿದ್ರಾ?" ಎಂದು ಕೇಳಿದ. ಅವಳು ಮುಖ ತಿರುಗಿಸಿ ಬಿರಬಿರನೆ ನಡೆದಳು. ತನ್ನ ಬಾಯಿಗೆ ಒಂದು ಬಾಗಿಲು, ಬಾಗಿಲಿಗೊಂದು ಚಿಲಕ ಯಾಕಿಲ್ಲ?

ಮನೆಯಲ್ಲಿ ಅತ್ತೆ ಆಗಲೇ ಹೊಸ ಶಾಲು ಹೊದ್ದು, ಚೀಲ ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಅವರಿಗೆ ಕಿವಿ ಮಂದ. "ಅವನು ಓದೋದು ನಂಗೆ ಕೇಳ್ಸುತ್ತೇನೇ?" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೇಳಿದರು. "ಕೇಳ್ಸುತ್ತೆ ಅತ್ತೆ, ಮೈಕ್ ಇರತ್ತೆ." "ಏನು?" "ಮೈಕ್!" "ನೀನಿದ್ಮೇಲೆ ಮೈಕ್ ಯಾಕೆ?" ಎಂದು ಅತ್ತೆ ಬೊಚ್ಚುಬಾಯಿ ಅಗಲಿಸಿ ನಕ್ಕರು. ಗಂಡ ಬಂದ, ಕೈಕಾಲು ತೊಳೆದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಕಾಲರಿನ ಗುಂಡಿ ಎರಡು ಸಲ ತಪ್ಪಿದ್ದನ್ನು ಕಂಡು ಅವಳು ಹತ್ತಿರ ಹೋದಳು. ಅವನ ಮೈಯಿಂದ ಸೋಪಿನ ವಾಸನೆ, ಅದರಡಿಗೆ ಗಾಜಿನ ಪುಡಿಯ ಒಣ ವಾಸನೆ. "ಹೆದರಿಕೆ ಆಗ್ತಿದೆಯೇನ್ರೀ?" ಎಂದು ಕೇಳಿದಳು. ಅವನು ಹೂಂ ಎಂದು ತಲೆಯಾಡಿಸಿ, ನಕ್ಕು, ಅವಳ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡ. ಅಲ್ಲೂ ಹಾಲು ಉಕ್ಕುತ್ತಿತ್ತು! ಅವಳದೇ ಎದೆಯ ಹಾಗೆ! ಆಗಲೇ ಅವನಿಗೆ ಹೇಳಿಬಿಡಬಹುದಾಗಿತ್ತು. ಹಾಳೆ ಅವಳ ಕೈಚೀಲದಲ್ಲಿತ್ತು. ಅವಳು ಹೇಳಲಿಲ್ಲ.

ಚರ್ಚು ತುಂಬಿ ತುಳುಕುತ್ತಿತ್ತು. ಸಾಲು ದೀಪಗಳು, ಮೇಣದ ವಾಸನೆ, ಮಂಜಿಗೆ ನೆಂದ ಕೋಟುಗಳ ವಾಸನೆ, ಹೊಸ ಬೂಟುಗಳ ಕಿರ್ರೆನ್ನುವ ಸದ್ದು. ಪೀಠದ ಬದಿಗೆ ಹುಲ್ಲು ಹಾಸಿದ ಗೋದಲಿ. ಅದರಲ್ಲಿ ಮಲಗಿಸಬೇಕಾದ ಮಗುವಿನ ಗೊಂಬೆ ಇನ್ನೂ ಇರಲಿಲ್ಲ. ಮೊದಲ ಹಾಡು ಮುಗಿದು ಎಲ್ಲರೂ ಕೂತರು. ಗಂಡ ಎದ್ದು ಮೆಟ್ಟಿಲು ಹತ್ತಿ, ಓದುವ ಮೇಜಿನ ಹಿಂದೆ ನಿಂತು, ಕನ್ನಡಕ ಹಾಕಿಕೊಂಡ. ಮುಂದಿನ ಬೆಂಚಿನಲ್ಲಿ ಅತ್ತೆಯ ಪಕ್ಕದಲ್ಲಿ ಅವಳು, ಮಡಿಸಿದ ಹಾಳೆ ಮುಷ್ಟಿಯಲ್ಲಿ. ಆಚೆ ಸಾಲಿನ ಅಂಚಿನಲ್ಲಿ ಹೆಡ್‌ಮಾಸ್ಟರು. ಅವನು ಓದಲು ಶುರುಮಾಡಿದ. ಮೊದಲ ಪದ ಬಂತು. ಅಬ್ಬ! ನೀರಿನ ಹಾಗೆ ಬಂತು! ಅವಳು ಬೆಂಚಿನಲ್ಲೇ ಎರಡು ಬೆರಳಷ್ಟು ಮೇಲೆದ್ದಳು. ಎರಡನೆಯ ಪದ ಅದು. ಅವನ ಹಲ್ಲು ತುಟಿಯ ಮೇಲೆ ಕೂತಿತು.

ಕೂತಿತು, ಏಳಲಿಲ್ಲ. ಮೈಕಿನಲ್ಲಿ ಒಂದು ಸಣ್ಣ ಗಾಳಿಯ ಸದ್ದು ಮಾತ್ರ, ಮುಚ್ಚಿದ ಕಿಟಕಿಯ ಸಂದಿಯಲ್ಲಿ ಬರುವಂಥದ್ದು. ಮೊದಲು ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಕೆಮ್ಮು ನಿಂತಿತು. ಹಿಂದೆಲ್ಲೋ ಯಾರೋ ಕಿಸಕ್ಕೆಂದರು, ಯಾರೋ ಅವರನ್ನು ಗದರಿದರು. "ಶುರು ಆಯ್ತೇನೇ?" ಎಂದು ಅತ್ತೆ ಇಡೀ ಚರ್ಚಿಗೆ ಕೇಳುವ ಹಾಗೆ ಕೇಳಿದರು. ಅವನ ಕತ್ತಿನ ನರ ಉಬ್ಬಿತು. ಕಣ್ಣು ಮುಚ್ಚಿತು. ಆ ಪದ ಅವಳ ನಾಲಿಗೆಯ ತುದಿಯಲ್ಲಿ ಬೆಂಕಿಯ ಕೆಂಡದ ಹಾಗೆ ಉರಿಯುತ್ತಿತ್ತು, ಒಂದು ಉಸಿರಿನ ಕೆಲಸ, ಎಂಥ ಸಣ್ಣ ಪದ, ಹೇಳಿಬಿಟ್ಟರೆ ಅವನು ಉಳಿದುಕೊಳ್ಳುತ್ತಾನೆ, ಉಳಿದುಕೊಳ್ಳುವುದು ಅವನೋ ತಾನೋ? ಹೆಡ್‌ಮಾಸ್ಟರು ಅವಳ ಕಡೆ ನೋಡಿ ಹುಬ್ಬು ಹಾರಿಸಿದರು: ಏಳು. ಅವಳು ಎದ್ದಳು. ಏಳಬೇಕೆಂದು ಎದ್ದಿದ್ದಲ್ಲ, ಇಷ್ಟು ವರ್ಷದ ಅಭ್ಯಾಸ ಅವಳ ಮೊಣಕಾಲನ್ನು ಎತ್ತಿ ನಿಲ್ಲಿಸಿತು. ಹಾಳೆ ಬಿಚ್ಚಿಕೊಂಡಿತ್ತು, ಬಾಯಿ ತೆರೆದಿತ್ತು.

ಅವನು ಕಣ್ಣು ಬಿಟ್ಟು ಅವಳನ್ನು ನೋಡಿದ. ಎಡಗೈ ಎತ್ತಿದ. ಅಂಗೈಯನ್ನು ಚಪ್ಪಟೆಯಾಗಿ ಗಾಳಿಯ ಮೇಲೆ ಇಟ್ಟ, ಗಾಜು ಅದುರದ ಹಾಗೆ ಇಡುವಂತೆ. ತಾಳು.

ಅವಳು ತಾಳಿದಳು. ಕೂರಲೂ ಆಗದೆ, ಮಾತಾಡಲೂ ಆಗದೆ, ಊರಿನ ಮುಂದೆ ಕಂಬದ ಹಾಗೆ ನಿಂತಳು. ಅವಮಾನದಿಂದ ಕಿವಿ ಗುಂಯ್ಯೆನ್ನುತ್ತಿತ್ತು. ಅಷ್ಟರಲ್ಲಿ ಅವಳ ಹಿಂದೆ ಒಂದು ಬೆಂಚು ಕಿರ್ರೆಂದಿತು. ಮೈಕಮ್ಮ ಎದ್ದಿದ್ದಾಳೆಂದರೆ ಏಳಬೇಕೇನೋ ಎಂದುಕೊಂಡು ಹಿಂದಿನ ಸಾಲಿನವರು ಎದ್ದರು. ಅವರನ್ನು ನೋಡಿ ಅವರ ಹಿಂದಿನವರು. ಬೂಟುಗಳ, ಬೆಂಚುಗಳ, ಶಾಲುಗಳ ಸದ್ದು ಅಲೆಯ ಹಾಗೆ ಬಾಗಿಲಿನವರೆಗೆ ಹೋಯಿತು. ಅತ್ತೆಯೂ ಅವಳ ತೋಳು ಹಿಡಿದುಕೊಂಡು ಎದ್ದರು. ಕೊನೆಗೆ ಹೆಡ್‌ಮಾಸ್ಟರು ಆಚೀಚೆ ನೋಡಿ, ಕೋಟು ಸರಿಮಾಡಿಕೊಂಡು, ಎದ್ದರು. ಇಡೀ ಸಭೆ ಎದ್ದು ನಿಂತು, ಒಂದು ಪದಕ್ಕಾಗಿ ಕಾಯುತ್ತಿತ್ತು. ಈಗ ಯಾರೂ ಕೆಮ್ಮಲಿಲ್ಲ. ಅವಳಿಗೆ ಒಮ್ಮೆಗೇ ಮೈ ಜುಮ್ಮೆಂದಿತು. ಪ್ರತಿವರ್ಷ ಈ ಪದವನ್ನು ಕೇಳಿದ್ದಳು, ಹೆಡ್‌ಮಾಸ್ಟರ ಗಂಟಲಿನಲ್ಲಿ ಅದು ಬರುವ ಮೊದಲೇ ಬಂದು ಹೋಗಿರುತ್ತಿತ್ತು, ಯಾರೂ ಅದಕ್ಕಾಗಿ ಕಾದಿರಲಿಲ್ಲ. ಬಾ, ಎಂದು ಅವಳು ಒಳಗೊಳಗೇ ಬೇಡಿಕೊಂಡಳು, ನಾನು ಎಳೆಯುವುದಿಲ್ಲ, ನೀನೇ ಬಾ, ಬಾ.

"ವಾ..." ಎಂದಿತು ಮೈಕು. "ವಾಕ್ಯ."

ಅಷ್ಟೇ. ಆದರೆ ಆ ಪದ ಅವಳ ಮೇಲೆ ಹೊಚ್ಚಹೊಸದಾಗಿ, ಆಗ ತಾನೇ ಹುಟ್ಟಿದ್ದರ ಹಾಗೆ ಬೆಚ್ಚಗೆ ಬಿತ್ತು. ಅದಕ್ಕೊಂದು ತೂಕವಿತ್ತು, ಮೈಯಿತ್ತು. ಮುಂದಿನ ಸಾಲಿನಲ್ಲಿ ಮತ್ತೆ ಅದೇ ಪದ, ಮತ್ತೆ ಅವನು ನಿಂತ, ಮತ್ತೆ ಜನ ಕಾದರು. ಮೂರನೆಯ ಸಲಕ್ಕೆ ಎಲ್ಲರಿಗೂ ಕಾಯುವುದು ರೂಢಿಯಾಗಿತ್ತು. ಒಂದು ಸಲವಂತೂ ಅವನಿಗೆ ಸಿಟ್ಟು ಬಂದು, ಮೇಜಿನ ಅಂಚನ್ನು ಗುದ್ದಿ, ಪದವನ್ನು ಉಗುಳಿದ ಹಾಗೆ ಹೇಳಿದ, ಅದೇನೂ ಚೆಂದವಾಗಿರಲಿಲ್ಲ. ಹೆಡ್‌ಮಾಸ್ಟರು ಓದಿದಾಗಿನ ಮೂರು ಪಟ್ಟು ಹೊತ್ತು ಹಿಡಿಯಿತು. ಮುಗಿದಾಗ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೂರುವುದಕ್ಕೆ ಮಾತ್ರ ಸ್ವಲ್ಪ ಹೊತ್ತು ಯಾರಿಗೂ ನೆನಪಾಗಲಿಲ್ಲ. "ಏನಂದ?" ಎಂದು ಅತ್ತೆ ಕೇಳಿದರು. ಹುಟ್ಟಿದಾಗಿನಿಂದ ಮೊದಲ ಸಲ ಅವಳಿಗೆ ಮಾತು ಹೊರಡಲಿಲ್ಲ.

ಹೆಡ್‌ಮಾಸ್ಟರು ಅತ್ತೆಯನ್ನು ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ಹೊರಡುವ ಮುಂಚೆ ಅವಳ ಗಂಡನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಲು ಹೋಗಿ, ಮೂಗು ಒರೆಸಿಕೊಂಡು, ಕಾರು ಹತ್ತಿದರು. ಗಂಡ ಹೆಂಡತಿ ನಡೆದೇ ಹೊರಟರು. ಚಳಿ ಕಿವಿ ಕಚ್ಚುತ್ತಿತ್ತು, ಉಸಿರು ಹೊಗೆಯಾಗುತ್ತಿತ್ತು. ಕಿಟಕಿಗಳಲ್ಲಿ ಕಾಗದದ ನಕ್ಷತ್ರಗಳು, ಒಳಗೆ ಯಾರೋ ಮಕ್ಕಳು ಹಾಡುತ್ತಿದ್ದರು. ಪೇಟೆಬೀದಿ ದಾಟಿದ ಮೇಲೆ ಅವನು, "ನೀ... ನೀನು ಎದ್ದಾಗ ಭ... ಭಯ ಆಯ್ತು," ಅಂದ. ಅವಳು ಕೈಚೀಲದಿಂದ ಮುದ್ದೆಯಾದ ಹಾಳೆ ತೆಗೆದು ಅವನ ಕೈಗಿಟ್ಟಳು. ಯಾರು ಕೊಟ್ಟದ್ದು, ಯಾಕೆ ಎಂದು ಹೇಳಿದಳು. ಬೈದರೆ ಬೈಯಲಿ ಎಂದು ಕಾದಳು. ಅವನು ಬೀದಿದೀಪದ ಕೆಳಗೆ ನಿಂತು ಅದನ್ನು ಬಿಚ್ಚಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ದೊ... ದೊಡ್ಡಕ್ಷರ. ಮೊದಲೇ ಕೊಟ್ಟಿದ್ರೆ ಕನ್ನಡಕ ಬೇಕಾಗ್ತಿರ್ಲಿಲ್ಲ," ಎಂದು ಮಡಿಸಿ ಜೇಬಿಗೆ ಹಾಕಿಕೊಂಡ. ಅವಳು ನಕ್ಕಳು, ನಗುತ್ತ ಅತ್ತಳು, ಮೂಗು ಸುರಿಯಿತು, ಅವನ ಕರವಸ್ತ್ರ ಕಿತ್ತುಕೊಂಡಳು.

"ಒಂದು ವಿ... ವಿಷಯ," ಎಂದ ಅವನು ಸ್ವಲ್ಪ ದೂರ ನಡೆದ ಮೇಲೆ. ವಕಾರದಿಂದಲೇ ಶುರುಮಾಡಿದ್ದ! ಸುತ್ತುಬಳಸಿ ಹೋಗಿರಲಿಲ್ಲ. "ಒಂದು ತಿಂಗಳಿಂದ ತ... ತಲೇಲಿ ಕೊರೀತಿದೆ. ಆ ವಾ... ವಾಕ್ಯ ಮನುಷ್ಯ ಆಗಿ ಬಂತು ಅಂತೀವಲ್ಲ." ಹೌದು ಎನ್ನಲು ಹೋಗಿ ಅವಳು ತುಟಿ ಕಚ್ಚಿಕೊಂಡಳು. "ಬಂದಾಗ ಅದು ಕೂ... ಕೂಸು. ಕೂಸಿಗೆ..." ನಿಂತ. ಅವಳೂ ನಿಂತಳು. ಕೂಸಿಗೆ ಹಾಲು? ಕೂಸಿಗೆ ಚಳಿ? ಯಾವುದೂ ಅಲ್ಲ, ಯಾವುದೂ ಅಲ್ಲದಿರಬಹುದು. "ಕೂಸಿಗೆ ಮಾ... ಮಾತೇ ಬರ್ತಿರ್ಲಿಲ್ಲ ಅಲ್ವಾ?" ಅಂದ ಅವನು. "ವಾಕ್ಯಕ್ಕೇ ಮಾತು ಬರ್ತಿರ್ಲಿಲ್ಲ. ಅಳೋದು, ಉ... ಉಗುಳೋದು, ಅಷ್ಟೇ. ಅದು ಮೊದಲ ಮಾತು ಆಡೋ ತನಕ ಅ... ಅವರಮ್ಮ ಎಷ್ಟು ದಿನ ಕಾದಿರಬೇಕು, ಹೇಳು. ಅದಕ್ಕೇ ನಾನು ಓದ್ತೀನಿ ಅಂದಿದ್ದು."

ಅವಳು ಬೀದಿಯ ಮಧ್ಯೆ ನಿಂತುಬಿಟ್ಟಳು. ಹುಟ್ಟಿದಾಗಿನಿಂದ ಚರ್ಚಿಗೆ ಹೋದವಳು, ಎಷ್ಟು ಕ್ರಿಸ್ಮಸ್, ಎಷ್ಟು ಹಾಡು, ಎಷ್ಟು ದೇವದೂತನ ಪಾತ್ರ. ಇದನ್ನು ಒಂದು ದಿನವೂ ಯೋಚಿಸಿರಲಿಲ್ಲ. ಇದು ಒಂದು ತಿಂಗಳಿಂದ ಅವನೊಳಗೆ ಇತ್ತು, ತನ್ನ ಪಕ್ಕದಲ್ಲೇ ಮಲಗಿ ಏಳುತ್ತಿತ್ತು. ಇನ್ನೂ ಏನೇನಿದೆಯೋ! ಅವಳಿಗೆ ಯಾರದೋ ಮನೆಯೊಳಗೆ ಮೊದಲ ಸಲ ಕಾಲಿಡುವಾಗಿನ ಸಂಭ್ರಮವಾಯಿತು, ಸ್ವಲ್ಪ ಹೆದರಿಕೆಯೂ. ಬಾಯಿ ತುಂಬ ಮಾತು ಬಂದಿತ್ತು, ನೂರು ಪ್ರಶ್ನೆ. ಅಷ್ಟರಲ್ಲಿ ಅವನ ತುಟಿ ಮತ್ತೆ ಕೂಡಿಕೊಂಡಿತು. "ಮ... ಮ..." ಎಂದ. ಮನೆ? ಮಗಳು? ಮಂಜು? ಅವಳಿಗೆ ಗೊತ್ತಿರಲಿಲ್ಲ. ಶಾಲನ್ನು ಬಿಗಿಯಾಗಿ ಹೊದ್ದುಕೊಂಡು, ಅವನ ಮುಖವನ್ನೇ ನೋಡುತ್ತ, ಅವಳು ಕಾದಳು.